ಹಿನ್ನೀರಿನ ದಿಬ್ಬದ ಮೇಲೆ

ಬಯಲುನಾಡಿನವರಿಗೆ ಎತ್ತರದ ಹಸಿವು ಹೆಚ್ಚು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಸೀಮೆಯಲ್ಲಿ ಹಾದುಹೋಗುವವನಿಗೆ ಹರದಾರಿಗಟ್ಟಲೆ ಎದುರಾಗುವುದು ಸಮನೆಲವೇ: ಜೋಳದ ಹೊಲ, ಮೆಕ್ಕೆಜೋಳದ ಹೊಲ, ಶೇಂಗಾ ಕಿತ್ತ ಕೆಂಪುನೆಲ, ಅಲ್ಲಲ್ಲಿ ಒಂದು ಬೇವಿನ ಮರ. ಆ ಬಯಲಿನ ನಡುವೆ ಇದ್ದಕ್ಕಿದ್ದಂತೆ ಒಂದು ಕಲ್ಲುಗುಡ್ಡ ತಲೆಯೆತ್ತುತ್ತದೆ, ಕಡಲಿನಲ್ಲಿ ದ್ವೀಪವೊಂದು ಎದ್ದ ಹಾಗೆ. ನಿಜವಾದ ದ್ವೀಪಗಳನ್ನು ಕಾಣಲು ಅಂಡಮಾನಿಗೋ ಸಿಂಹಳಕ್ಕೋ ಹೋಗಬಲ್ಲವರು ಸುಖವಾಗಿ ಹೋಗಿಬರಲಿ. ಅಷ್ಟು ಅನುಕೂಲವಿಲ್ಲದ ಸಂಸಾರಗಳು ರೊಟ್ಟಿಯ ಗಂಟು ಕಟ್ಟಿಕೊಂಡು ಈ ಕಲ್ಲುದ್ವೀಪಗಳನ್ನೇ ಏರಿ, ಗಾಳಿ ಕುಡಿದು, ತಮ್ಮ ಊರು ಯಾವ ದಿಕ್ಕಿಗಿದೆಯೆಂದು ಬೆರಳು ತೋರಿಸಿ ಇಳಿದುಬರುವುದು ವಾಡಿಕೆ.

ಕೊಟ್ಟೂರಿನ ಒಬ್ಬ ಮಾಸ್ತರರ ಸಂಸಾರ 2025ರ ಫೆಬ್ರವರಿ ತಿಂಗಳ ಒಂದು ಭಾನುವಾರ ಹೀಗೆ ಹೊರಟಿತು. ಭರತ ಹುಣ್ಣಿಮೆಯ ಜಾತ್ರೆಗಳು ಮುಗಿದಿದ್ದವು. ಮೈಲಾರದ ಗೊರವಯ್ಯ ಬಿಲ್ಲನ್ನೇರಿ ನಿಂತು ಆ ವರ್ಷದ ಕಾರಣಿಕ ನುಡಿದಾಗಿತ್ತು. ಈ ಸೀಮೆಯ ಎತ್ತರಗಳಲ್ಲೆಲ್ಲ ಆ ಬಿಲ್ಲೇ ಅತ್ಯಂತ ಚಿಕ್ಕದು, ಅಲ್ಲಿಂದ ಕಾಣುವುದು ಮಾತ್ರ ಇಡೀ ವರ್ಷ ಎಂದು ಭಕ್ತರ ನಂಬಿಕೆ! ಜಾತ್ರೆಯ ನೂಕುನುಗ್ಗಲು ಕಳೆದ ಮೇಲೆ ಉಚ್ಚಂಗಮ್ಮನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರಬೇಕೆಂಬುದು ಮಾಸ್ತರರ ಪತ್ನಿಯ ಹರಕೆ. ಆ ಹರಕೆಯ ಬೆನ್ನಿಗೆ ಮಗನು ಹಕ್ಕಿಗಳ ಕೆರೆಯನ್ನು ಸೇರಿಸಿದ. ಹಿನ್ನೀರನ್ನು ಸೇರಿಸಿದವಳು ಸೊಸೆ. ಅದಕ್ಕೆ ಮಾಸ್ತರರು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಆ ಮೌನಕ್ಕೆ ಕಾರಣವಿತ್ತು. ಮಾಸ್ತರರು ಹುಟ್ಟಿದ ಊರು ಇರುವುದು ಆ ನೀರಿನ ಕೆಳಗೆ. ತುಂಗಭದ್ರೆಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಲು 1945ರಲ್ಲಿ ಅಡಿಗಲ್ಲು ಬಿತ್ತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಹಿಂದೆ ನಿಂತ ನೀರಿನಲ್ಲಿ ಮುಳುಗಿದವು ಸುಮಾರು 90 ಹಳ್ಳಿಗಳು. ಮನೆ ಬಿಟ್ಟವರು ಐವತ್ತು ಸಾವಿರಕ್ಕೂ ಮಿಕ್ಕ ಜನ. ನಾರಾಯಣದೇವರಕೆರೆಯಂಥ ದೊಡ್ಡ ಊರೇ ಹೋಯಿತು. ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡರು. ಮಾಸ್ತರರಿಗೆ ಆಗ ಎಂಟು ವರ್ಷ. ತಂದೆ ಮನೆಯ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಗಾಡಿಗೆ ಹೇರಿದ್ದು, ಬಾಗಿಲಿಲ್ಲದ ಮನೆಯನ್ನು ತಾಯಿ ಎರಡು ಸಲ ಹಿಂದಿರುಗಿ ಗುಡಿಸಿದ್ದು ಅವರಿಗೆ ನೆನಪಿದೆ. ಆ ಬಾಗಿಲು ಇಂದಿಗೂ ಕೊಟ್ಟೂರಿನ ಮನೆಯ ಮುಂಬಾಗಿಲಾಗಿದೆ. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆಯ ಕನ್ನಡ ತಾಲ್ಲೂಕುಗಳು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿದವು. ಒಂದೇ ವರ್ಷದಲ್ಲಿ ಊರೂ ಬದಲಾಯಿತು, ರಾಜ್ಯವೂ ಬದಲಾಯಿತು. ಇಲ್ಲಿಯ ಜನಕ್ಕೆ ಇದು ಹೊಸದೇನಲ್ಲ. ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಊರು ಕೂತಲ್ಲೇ ಕೂತಿದೆ, ಬರೆಯುವ ವಿಳಾಸ ಮಾತ್ರ ತಿರುಗಾಡುತ್ತಿದೆ.

ಸೊಸೆಯ ತವರು ಸಿರುಗುಪ್ಪದ ಕಡೆ. ಆ ನಾಡಿನ ಭತ್ತದ ಗದ್ದೆಗಳಿಗೆ ಹರಿಯುವುದು ಇದೇ ಅಣೆಕಟ್ಟಿನ ಕಾಲುವೆಯ ನೀರು. ಆಕೆಯ ಓದು, ಮದುವೆ, ಮೈಮೇಲಿನ ಬಂಗಾರ ಎಲ್ಲವೂ ಆ ಗದ್ದೆಯಲ್ಲಿ ಬೆಳೆದವೇ. ಮಾವನ ಮನೆ ಮುಳುಗಿದ ನೀರಿನಿಂದ ಸೊಸೆಯ ಮನೆ ಎದ್ದಿತೆಂಬ ಲೆಕ್ಕ ಇಬ್ಬರಿಗೂ ತಿಳಿದದ್ದೇ. ಹನ್ನೆರಡು ವರ್ಷಗಳಲ್ಲಿ ಒಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯ ಹಗಲಿರುಳೂ ಹರಿದುಹೋಗತೊಡಗಿತು. ಸೊಸೆ ಅಡಿಗೆಮನೆಯಲ್ಲಿ ನಿಂತು ತಮ್ಮನೊಡನೆ ಫೋನಿನಲ್ಲಿ ಮಾತಾಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು, ನಾಟಿಯ ಕಾಲವದು. ಮಾಸ್ತರರು ದೂರದರ್ಶನದ ಮುಂದಿನಿಂದ ಏಳಲಿಲ್ಲ. ದಿನಕ್ಕೆ ಮೂರು ಸಲ, “ಎಷ್ಟು ಅಡಿ ಇಳೀತು?” ಎಂದು ಮಗನನ್ನು ಕೇಳುತ್ತಿದ್ದರು. ನಾಡಿಗೆ ನಾಡೇ ನೀರು ಉಳಿಯಲೆಂದು ಹರಕೆ ಹೊರುತ್ತಿರುವಾಗ ಮುದುಕ ಇಳಿತದ ಲೆಕ್ಕ ಕೇಳುವುದು ಸೊಸೆಯ ಕಿವಿಗೆ ಬೇರೆಯಾಗಿಯೇ ಕೇಳಿಸಿತು. ಹರಿಯುವ ನೀರಿನಲ್ಲೇ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ ವಾರ ಕಳೆಯುವಷ್ಟರಲ್ಲಿ ಬಾಯಿ ಮುಚ್ಚಿದರು. ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಆದರೆ ಆ ಪ್ರಶ್ನೆ ಆರು ತಿಂಗಳು ಮನೆಯೊಳಗೆ ಉಳಿದುಕೊಂಡಿತು. ಊಟಕ್ಕೆ ಬಡಿಸುವುದರಲ್ಲಿ ಕೊರತೆಯಿರಲಿಲ್ಲ, ಮಾತಿನಲ್ಲಿ ಇತ್ತು.

ಉಚ್ಚಂಗಿದುರ್ಗ ತಲಪಿದಾಗ ಬಿಸಿಲು ಇನ್ನೂ ಎಳೆಯದು. ಬಾಡಿಗೆಯ ಕ್ರೂಸರ್ ಗಾಡಿಯಿಂದ ಆರು ಜನ ಇಳಿದರು. ಗುಡ್ಡದ ಬುಡದಲ್ಲಿ ಮೊಣಕಾಲು ಹಿಡಿದುಕೊಂಡು ನರಳುತ್ತಿದ್ದ ಅಜ್ಜಿ ಮೆಟ್ಟಿಲಿನ ಮೇಲೆ ಕಾಲಿಟ್ಟವಳೇ, ದೇವಿಯೇ ಕೈಹಿಡಿದು ಎಳೆದಂತೆ ಎಲ್ಲರಿಗಿಂತ ಮುಂದೆ ಏರತೊಡಗಿದಳು. ಮಾಸ್ತರರು ಅರ್ಧ ದಾರಿಯಲ್ಲಿ ಕೋಟೆಗೋಡೆಯ ನೆರಳು ಹಿಡಿದು ಕುಳಿತರು. ಮೊಮ್ಮಗ ಪಕ್ಕಕ್ಕೆ ಬಂದು, “ಅಜ್ಜಾ, ಇಷ್ಟು ಎತ್ತರಕ್ಕ ರಾಜರು ಯಾಕ ಬಂದಿದ್ರು?” ಎಂದು ಕೇಳಿದ. ಮಾಸ್ತರರ ಹಳೆಯ ಕಸುಬು ಎಚ್ಚತ್ತಿತು. ಇದು ನೊಳಂಬವಾಡಿ ಮೂವತ್ತೆರಡು ಸಾಸಿರದ ಹೆಗ್ಗೋಟೆ. 10ನೆಯ ಶತಮಾನದಲ್ಲಿ ಗಂಗರ ಮಾರಸಿಂಹ ಇದನ್ನು ಮುರಿದು, ನೊಳಂಬಕುಲಾಂತಕನೆಂದು ಕರೆಸಿಕೊಂಡ. ಮುಂದೆ ಉಚ್ಚಂಗಿಯ ಪಾಂಡ್ಯರು ಇಲ್ಲಿಂದ ಆಳಿದರು. 12ನೆಯ ಶತಮಾನದಲ್ಲಿ ಹೊಯ್ಸಳ ವೀರಬಲ್ಲಾಳ ಅವರಿಂದ ಇದನ್ನು ಕಸಿದುಕೊಂಡ. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಅವನ ಬಿರುದುಗಳು ಈ ಗೆಲುವನ್ನೇ ನೆನಪಿಸುತ್ತವೆ. ಬಂದದ್ದು ಭಾನುವಾರವಾದ್ದರಿಂದ ತನಗೇನೂ ಸಿದ್ಧಿಸಲಾರದೆಂದು ಹುಡುಗ ಬೇಸರಪಟ್ಟ.

ಮೇಲಿನಿಂದ ಕಂಡ ನೋಟವನ್ನು ಬಣ್ಣಿಸುವುದು ಕಷ್ಟ. ಬೆಟ್ಟವೆಂದ ಕೂಡಲೇ ಹಸಿರನ್ನೂ ಮಂಜನ್ನೂ ಬಯಸುವವರು ಇಲ್ಲಿಗೆ ಬರಬಾರದು. ಕೆಳಗೆ ಹರಡಿರುವುದು ಒಣಗಿದ, ಬಣ್ಣಬಣ್ಣದ ಚೌಕಗಳ ಕೌದಿ. ಅದರ ಮೇಲೆ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು. ಸುಂದರವೆನ್ನುವುದಕ್ಕಿಂತ ವಿಶಾಲವೆನ್ನಬೇಕು. ಅಷ್ಟು ವಿಶಾಲವನ್ನು ಒಮ್ಮೆಲೇ ಕಂಡಾಗ ಮನುಷ್ಯ ಮಾಡುವ ಮೊದಲ ಕೆಲಸವೆಂದರೆ ತನ್ನ ಮನೆಯನ್ನು ಹುಡುಕುವುದು. ಮಕ್ಕಳೂ ಅದನ್ನೇ ಮಾಡಿದರು. ಕೊಟ್ಟೂರು ಕಾಣದಿದ್ದರೂ ಕಂಡಿತೆಂದು ವಾದಿಸಿದರು.

ಊಟ ಬಾಗಳಿಯಲ್ಲಿ. ಕಲ್ಲೇಶ್ವರನ ಗುಡಿ 10ನೆಯ ಶತಮಾನದ ಕೊನೆಯ ಕೆಲಸ, ಕಡೆದು ನಿಲ್ಲಿಸಿದ ಆ ಕಂಬಗಳ ನುಣುಪು ನೋಡಿ ಅಜ್ಜಿ, “ಬೆಣ್ಣಿ ಹಚ್ಯಾರೇನ?” ಎಂದಳು. ಶಿಲ್ಪಶಾಸ್ತ್ರದ ಗ್ರಂಥಗಳು ಇದಕ್ಕಿಂತ ಹೆಚ್ಚು ಹೇಳಿವೆಯೆನ್ನಲಾಗದು. ಹೊರಗೆ ಮರದ ನೆರಳಿನಲ್ಲಿ ಗಂಟು ಬಿಚ್ಚಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನಗಳನ್ನು ಮುಗಿಸಿದರು.

ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿ ಕೊಟ್ಟೂರಿನ ಮೇಲೆಯೇ. ತಮ್ಮ ಬೀದಿಯ ತಿರುವು ಬಂದಾಗ ಅಜ್ಜಿಗೆ ಬೆಳಿಗ್ಗೆ ಕಾಸಿಟ್ಟ ಹಾಲಿನ ಚಿಂತೆ ಹತ್ತಿತು. ಇಳಿದರೆ ಮತ್ತೆ ಏರಿಸುವುದು ಕಷ್ಟವೆಂದು ತಿಳಿದ ಮಗ ಗಾಡಿ ನಿಲ್ಲಿಸಗೊಡಲಿಲ್ಲ.

ಅಂಕಸಮುದ್ರದ ಕೆರೆಯ ಏರಿಯ ಮೇಲೆ ನಿಂತವರು ಅರ್ಧ ಗಂಟೆ ಮಾತು ಮರೆತರು. ಕೆರೆಯ ನೀರಿನಲ್ಲಿ ಕರಿಜಾಲಿಯ ಮರಗಳು ಸೊಂಟಮಟ್ಟ ಮುಳುಗಿ ನಿಂತಿವೆ. ಪ್ರತಿಯೊಂದು ಮರವೂ ಒಂದು ದ್ವೀಪ. ಪ್ರತಿ ದ್ವೀಪದಲ್ಲೂ ಒಂದು ಜಾತ್ರೆ. ಬಣ್ಣದ ಕೊಕ್ಕರೆಗಳು ಕಡ್ಡಿ ತಂದು ಗೂಡು ಜೋಡಿಸುತ್ತಿದ್ದವು, ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದ್ದವು, ಕರಿಯ ತಲೆಯ ಕೆಂಬರಲುಗಳು ಅಂಚಿನ ಕೆಸರನ್ನು ಕೆದಕುತ್ತಿದ್ದವು. 244 ಎಕರೆಯ ಈ ಕೆರೆ ಶತಮಾನಗಳ ಹಿಂದೆ ಹಳ್ಳಿಯ ಹೊಲಗಳಿಗಾಗಿ ಮನುಷ್ಯರು ಕಟ್ಟಿಸಿದ್ದು. ಇಲ್ಲಿ ಕಂಡ ಹಕ್ಕಿಯ ಜಾತಿಗಳು 240ರಷ್ಟು. ನೆಲೆಸುವ ನೀರುಹಕ್ಕಿಗಳು ಮೂವತ್ತು ಸಾವಿರಕ್ಕೂ ಹೆಚ್ಚು. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಇದರ ಹೆಸರು ಸೇರಿತು. ಕೆರೆಗೆ ಈಗ ನೀರು ಎಲ್ಲಿಂದ ಬರುತ್ತದೆಂದು ಮೊಮ್ಮಗಳು ಕೇಳಿದಳು. ಮಗ, “ಹಿನ್ನೀರಿನಿಂದ ಎತ್ತಿ ತರ್ತಾರ” ಎಂದು ಹೇಳಿ, ಹೇಳಿದ ಮೇಲೆ ತಂದೆಯ ಮುಖ ನೋಡಿದ. ಮಾಸ್ತರರು ಹಕ್ಕಿಗಳನ್ನೇ ನೋಡುತ್ತಿದ್ದರು.

ಹಗರಿಬೊಮ್ಮನಹಳ್ಳಿಯಲ್ಲಿ ಸೊಸೆ ಹಡಗಲಿಯ ಮಲ್ಲಿಗೆ ಒಂದು ಮೊಳ ಕೊಂಡಳು. ಹಿಂದೆ ಹಡಗಲಿಯ ಹೂವು ಹಡಗಿನಲ್ಲಿ ಹೊಳೆಯ ಮೇಲೆ ತೇಲಿ ವಿಜಯನಗರದ ದೇವರ ಪೂಜೆಗೆ ಹೋಗುತ್ತಿತ್ತಂತೆ, ಅದರಿಂದಲೇ ಆ ಊರಿಗೆ ಹೂವಿನಹಡಗಲಿಯೆಂಬ ಹೆಸರು ಬಂತಂತೆ. ಕತೆ ನಿಜವಾಗಿದ್ದರೆ, ಹೂವು ತೇಲಿಹೋದ ಆ ಹೊಳೆದಾರಿಯೂ ಈಗ ಜಲಾಶಯದ ತಳದಲ್ಲಿದೆ.

ತಂಬ್ರಹಳ್ಳಿಯ ಕಡೆಯಲ್ಲಿ ಹಿನ್ನೀರಿನ ದಂಡೆಗೆ ಒಂದು ದಿಬ್ಬವಿದೆ. ನೋಡತಕ್ಕ ಸ್ಥಳವೆಂದು ಯಾವ ಫಲಕವೂ ಅಲ್ಲಿಲ್ಲ. ಅಣೆಕಟ್ಟಿನ ಬಳಿಯಲ್ಲಾದರೆ ಗುಡ್ಡದ ಮೇಲೆ ಸರಕಾರದ ಅತಿಥಿಗೃಹವೇ ಇದೆ, ವೈಕುಂಠವೆಂದು ಅದರ ಹೆಸರು. ಅಲ್ಲಿಂದ ಕಾಣುವ ಜಲರಾಶಿಯ ಚಿತ್ರಗಳನ್ನು ಮಾಸ್ತರರು ಎಷ್ಟೋ ಸಲ ಪತ್ರಿಕೆಗಳಲ್ಲಿ ನೋಡಿದ್ದರು, ಹೋಗಿರಲಿಲ್ಲ. ಈ ದಿಬ್ಬಕ್ಕೂ ಬಂದಿರಲಿಲ್ಲ. ಎಪ್ಪತ್ತೆರಡು ವರ್ಷ!

ಬೇಸಗೆ ಬೆಳೆಗೆ ಕಾಲುವೆ ಹರಿಯುತ್ತಿದ್ದ ಕಾಲವಾದ್ದರಿಂದ ನೀರು ಬಹಳಷ್ಟು ಸರಿದಿತ್ತು. ಬಿಟ್ಟುಹೋದ ಕರಿಮಣ್ಣು ಬಿರುಕುಬಿಟ್ಟು, ಅಲ್ಲಲ್ಲಿ ಯಾರೋ ಧೈರ್ಯಮಾಡಿ ಬಿತ್ತಿದ ಪೈರು ಹಸಿರಾಗಿತ್ತು. ಅದರಾಚೆ ನೀರು. ಈ ದಂಡೆಯಿಂದ ಆ ದಂಡೆ ಕಣ್ಣಿಗೆ ಹತ್ತುವುದಿಲ್ಲ. ತುಂಬಿದಾಗ 378 ಚದರ ಕಿಲೋಮೀಟರು ಹರಡುವ ನೀರು ಇದು. ಮೊದಲಿಗೆ 133 ಟಿ.ಎಂ.ಸಿ. ಹಿಡಿಸುತ್ತಿದ್ದದ್ದು ಹೂಳು ತುಂಬಿ 105ರ ಸುಮಾರಿಗೆ ಇಳಿದಿದೆ. ಮುಳುಗಿದ ಹೊಲಗಳ ಮೇಲೆ ಮಲೆನಾಡಿನ ಮಣ್ಣು ವರ್ಷವರ್ಷವೂ ಬಂದು ಕೂರುತ್ತಿದೆ.

ಮಕ್ಕಳು ಕೆಳಗೆ ಓಡಿದರು, ಮಗ ಅವರ ಹಿಂದೆ. ಅಜ್ಜಿ ಗಾಡಿಯಲ್ಲೇ ನಿದ್ದೆಹೋಗಿದ್ದಳು. ಮಾಸ್ತರರು ಕೋಲೂರಿ ನಿಂತು ನೋಡಿದರು. ಸೊಸೆ ಎರಡು ಮಾರು ದೂರದಲ್ಲಿ ನಿಂತಿದ್ದಳು. ಕೊನೆಗೆ ಆಕೆಯೇ ಕೇಳಿದಳು:

“ಮಾವಾ, ನಿಮ್ಮ ಮನಿ ಎಲ್ಲಿತ್ತು?”

ಮಾಸ್ತರರು ಕೋಲನ್ನೆತ್ತಿ, “ಅಗಾ, ಆ ಹರಿಗೋಲು ಐತಲ್ಲ, ಅದರ ಆಚಿಗೆ ಇರಬೇಕು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಗುರುತು ಸಿಗೂದಿಲ್ಲವ್ವಾ. ಗುಡ್ಡದ ಸಾಲು ನೋಡಿ ಅಂದಾಜು ಹೇಳಿದೆ” ಎಂದರು.

“ಆಗಸ್ಟಿನಾಗ ನೀರು ಹೋದಾಗ ಊರು ಕಾಣಲಿ ಅಂತ ಇತ್ತೇನ್ರಿ ನಿಮ್ಮ ಮನಸಿನಾಗ?”

ಆರು ತಿಂಗಳಿಂದ ನುಂಗಿಕೊಂಡ ಮಾತು ಹೊರಗೆ ಬಿದ್ದುದಕ್ಕೆ ಆಕೆಗೇ ಗಾಬರಿಯಾಯಿತು. ಮಾಸ್ತರರು ಸಿಟ್ಟಾಗಲಿಲ್ಲ.

“ಇತ್ತು” ಎಂದರು. “ಮೊದಲನೇ ದಿನ ಇತ್ತು. ಸುಳ್ಳು ಯಾಕ ಹೇಳಲಿ. ಎರಡನೇ ದಿನ ಟೀವ್ಯಾಗ ರೈತರು ಅಳೂದು ತೋರಿಸಿದ್ರು. ಆಮ್ಯಾಲ ಬ್ಯಾರೇ ಚಿಂತಿ ಹತ್ತಿತು. ನೀರೂ ಹೋಗಿ, ಊರೂ ಕಾಣದಿದ್ರ? ಹಂಗಾದ್ರ ನಮ್ಮಪ್ಪ ಊರು ಬಿಟ್ಟಿದ್ದು ಯಾತಕ್ಕ? ಅದಕ್ಕ ಕೇಳ್ತಿದ್ದೆ, ಎಷ್ಟು ಇಳೀತು, ಎಷ್ಟು ಉಳೀತು ಅಂತ. ನಿಮ್ಮ ತಮ್ಮನ ಗದ್ದಿ ನಾಟಿ ಆತು ಅಂತ ಗೊತ್ತಾದ ಮ್ಯಾಲ ಟೀವಿ ಬಂದ್ ಮಾಡಿದೆ.”

ಸೊಸೆಗೆ ಅದು ನೆನಪಿಗೆ ಬಂತು. ತಮ್ಮನ ಫೋನು ಬಂದ ದಿನವೇ ದೂರದರ್ಶನ ನಿಂತಿತ್ತು. ಕಾರಣವನ್ನು ಯಾರೂ ವಿಚಾರಿಸಿರಲಿಲ್ಲ. ಆಕೆ ಸೆರಗನ್ನು ಸರಿಪಡಿಸಿಕೊಂಡು ಪಕ್ಕಕ್ಕೆ ಬಂದು ನಿಂತಳು.

“ನಿಮ್ಮ ಹೊಲದಾಗ ಏನು ಬೆಳೀತಿದ್ರಿ?”

“ಬಿಳಿಜ್ವಾಳ. ನಡುನಡುವೆ ಕಡ್ಲಿ.”

“ನಮ್ಮದೂ ಕಾಲುವಿ ಬರೂಕಿಂತ ಮೊದಲು ಜ್ವಾಳದ ಹೊಲಾನ ಇತ್ತಂತ. ನಮ್ಮಜ್ಜಿ ಹೇಳ್ತಿದ್ಲು.”

ಮಾಸ್ತರರಿಗೆ ಇದು ಹೊಸ ಸಂಗತಿ. ಯಾವ ಜೋಳ, ಎಷ್ಟು ಎಕರೆ, ಎರೆಭೂಮಿಯೇ ಮಸಾರಿಯೇ ಎಂದು ವಿದ್ಯಾರ್ಥಿಯನ್ನು ಕೇಳುವಂತೆ ಕೇಳುತ್ತ ಹೋದರು. ಗೊತ್ತಿದ್ದಷ್ಟಕ್ಕೆ ಆಕೆ ಉತ್ತರ ಕೊಟ್ಟಳು, ಗೊತ್ತಿಲ್ಲದ್ದನ್ನು ರಾತ್ರಿ ತಾಯಿಗೆ ಫೋನು ಮಾಡಿ ಕೇಳುವೆನೆಂದಳು. ಅಷ್ಟರಲ್ಲಿ ಮೊಮ್ಮಗ ಕೆಸರು ಮೆತ್ತಿದ ಕಾಲಿನಲ್ಲಿ ಓಡಿಬಂದು, ಅಂಗೈಯಗಲದ ಒಂದು ಹೆಂಚಿನ ತುಂಡನ್ನು ಅಜ್ಜನ ಕೈಗಿತ್ತ. ಯಾವ ಊರಿನದೋ, ಯಾವ ಮನೆಯದೋ. ಮಾಸ್ತರರು ಅದನ್ನು ತಿರುಗಿಸಿ ನೋಡಿ, ಮಣ್ಣು ಒರೆಸಿ, ಜುಬ್ಬಾದ ಜೇಬಿಗೆ ಹಾಕಿಕೊಂಡರು.

ಚಾಲಕ ಕತ್ತಲಾಗುತ್ತದೆಂದು ಹಾರನ್ನು ಒತ್ತಿದ. ಎಚ್ಚರಗೊಂಡ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, “ನೋಡಿದ್ದು ಸಾಕು, ಹಾಲು ಕೆಟ್ಟು ಹೋಗತೈತಿ” ಎಂದು ಕೂಗಿದಳು. ಆದರೂ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಬಳಿ ಮಂಡಕ್ಕಿ ಮಿರ್ಚಿಗೆಂದು ಗಾಡಿ ನಿಂತಾಗ, ಎರಡನೆಯ ತಟ್ಟೆ ತರಿಸಿದವಳು ಆಕೆಯೇ.