ಜೋಡಿ ಅಲಗು

ಶಿವಮೊಗ್ಗದ ನಮ್ಮ ಅಂಗಡಿಯ ಬೋರ್ಡಿನಲ್ಲಿ ‘ಫೋಟೋಗಳಿಗೆ ಕಟ್ಟು ಹಾಕಿಕೊಡಲಾಗುವುದು’ ಎಂದು ಬರೆದಿದೆ. ಮದುವೆ ಫೋಟೋ, ದೇವರ ಪಟ, ಮಕ್ಕಳ ಸರ್ಟಿಫಿಕೇಟು ಎಲ್ಲವೂ ಬರುತ್ತವೆ. ಆದರೆ ನಿಜವಾದ ಆತುರ ಇರುವುದು ಒಂದೇ ಬಗೆಯ ಗಿರಾಕಿಗಳಿಗೆ. ಮನೆಯಲ್ಲಿ ಯಾರೋ ತೀರಿಕೊಂಡಿರುತ್ತಾರೆ, 11ನೇ ದಿನದ ಕಾರ್ಯಕ್ಕೆ ಹಾರ ಹಾಕಲು ಫೋಟೋ ಬೇಕಾಗಿರುತ್ತದೆ. ಅಂಥವರಿಗೆ ಅಪ್ಪ ಎಂದೂ ‘ನಾಳೆ ಬನ್ನಿ’ ಎಂದವರಲ್ಲ.

ಅಪ್ಪನ ಮಾತು ಉಳಿಸುತ್ತಿದ್ದುದು ಮೂಲೆಯಲ್ಲಿರುವ, ಕಾಲಲ್ಲಿ ತುಳಿಯುವ ಕಟಿಂಗ್ ಮಷೀನು. ಡೆನ್ಮಾರ್ಕಿನ ಮೊರ್ಸೊ ಮಷೀನು ನೋಡಿ ನಮ್ಮ ದೇಶದಲ್ಲೇ ಯಾರೋ ಎರಕ ಹೊಯ್ದದ್ದು. ಎರಡು ಅಲಗುಗಳು ‘ವಿ’ ಆಕಾರದಲ್ಲಿ ಕೂಡಿಕೊಂಡಿರುತ್ತವೆ. ಪೆಡಲ್ ತುಳಿದರೆ ಒಂದು ಪಟ್ಟಿಯ ಕೊನೆ, ಇನ್ನೊಂದರ ಶುರು, ಎರಡೂ 45 ಡಿಗ್ರಿಗೆ ಒಟ್ಟಿಗೇ ಕತ್ತರಿಸಿ ನಡುವಿನ ತ್ರಿಕೋನದ ಚೂರು ಕೆಳಗೆ ಬೀಳುತ್ತದೆ. ಒಂದೇ ಏಟಿಗೆ ತುಳಿದರೆ ಮರ ಸೀಳುತ್ತದೆ. ಲಿವರ್ ಎಳೆದು ಅಲಗನ್ನು ಸ್ವಲ್ಪಸ್ವಲ್ಪವೇ ಒಳಗೆ ಸರಿಸುತ್ತ ನಾಲ್ಕೈದು ಸಲ ತುಳಿಯಬೇಕು.

ಅಪ್ಪನಿಗೆ ಮಂಡಿನೋವು ಹೆಚ್ಚಾಗಿ ಮಷೀನು ನನ್ನ ಕಾಲಿಗೆ ಬಂತು. ಮೊದಲ ವರ್ಷವೇ ಪೆಡಲನ್ನು ಮೇಲೆತ್ತುವ ಸ್ಪ್ರಿಂಗ್ ತುಂಡಾಯಿತು. ಮೊರ್ಸೊ ಬಿಡಿಭಾಗಗಳು ಈಗಲೂ ಸಿಗುತ್ತವೆ, ಆದರೆ ನಮ್ಮದು ನಕಲು. ಅಳತೆ ಬೇರೆ, ಬೋಲ್ಟಿನ ತೂತುಗಳ ಅಂತರವೂ ಬೇರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತುಂಡನ್ನು ಕೈಯಲ್ಲಿ ಹಿಡಿದು ಅಂಗಡಿ ಅಂಗಡಿ ಸುತ್ತಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ನಮ್ಮೂರ ಗುಜರಿಯಲ್ಲಿ ಸಿಕ್ಕ ಹಳೇ ಸ್ಕೂಟರಿನ ಸ್ಟ್ಯಾಂಡ್ ಸ್ಪ್ರಿಂಗು, ಅದೂ ಎರಡು ಸೇರಿಸಿ. ಆವತ್ತು ನನಗೆ ಎಲ್ಲ ಗೊತ್ತು ಅನ್ನಿಸಿಬಿಟ್ಟಿತು.

ಆ ಧೈರ್ಯದಲ್ಲೇ, ಎಡಗಡೆಯ ಅಲಗು ಮೊಂಡಾಗಿದೆ ಎಂದು ಅದೊಂದನ್ನೇ ಬಿಚ್ಚಿ ಸಾಣೆ ಕಲ್ಲಿಗೆ ಹಿಡಿದೆ. ಅಪ್ಪನಿಗೆ ಹೇಳಲಿಲ್ಲ. ಅಂಚು ನೀಲಿಗಟ್ಟಿತು. ಹೊಳಪು ಬಂತೆಂದು ಖುಷಿಪಟ್ಟೆ.

ಮಾರನೆಯ ದಿನ ಒಬ್ಬರು ತಾಯಿಯ ಫೋಟೋ ತಂದರು. ಮರುದಿನ ಬೆಳಿಗ್ಗೆಯೇ ಕಾರ್ಯ. ನಾಲ್ಕು ಪಟ್ಟಿ ಕತ್ತರಿಸಿ ಜೋಡಿಸಿದೆ. ಮೂರು ಮೂಲೆ ಕೂಡಿದವು, ನಾಲ್ಕನೆಯದು ಬಾಯಿ ಬಿಟ್ಟುಕೊಂಡಿತು. ಲೆಕ್ಕ ಸರಳ. ಕಟ್ಟಿಗೆ ಎಂಟು ಕಡಿತ, ಒಂದೊಂದರಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿ. ಸಂದಿಗೆ ಮೇಣ ತುಂಬಿ ಬಣ್ಣ ಹಚ್ಚಿದೆ.

ಅಪ್ಪ ಬಂದು ಹೆಬ್ಬೆರಳಿನಿಂದ ಮೂಲೆ ಸವರಿದರು. “ಇದನ್ನ ಕೊಡಬೇಡ” ಎಂದರು. ಸ್ಟೂಲಿನ ಮೇಲೆ ಕೂತು, ಓರೆ ಗಾಡಿಯ ಮರದ ಪೆಟ್ಟಿಗೆಯಲ್ಲಿ ಗರಗಸದಿಂದ ಹೊಸ ಪಟ್ಟಿ ಕೊಯ್ದು ಮರಳು ಕಾಗದದಿಂದ ತಿಕ್ಕಿದರು. ನಾನು ಪಟ್ಟಿ ಹಿಡಿದುಕೊಂಡಿದ್ದೆ. ಮುಗಿದಾಗ ರಾತ್ರಿ ಹನ್ನೊಂದು. ಆ ಮನೆಗೆ ನಾನೇ ಹೋಗಿ ಕೊಟ್ಟುಬಂದೆ. ಅವರು ಮೂಲೆ ನೋಡಲಿಲ್ಲ, ತಾಯಿಯ ಮುಖವನ್ನಷ್ಟೇ ನೋಡಿದರು.

ಅಲಗನ್ನು ಪೀಣ್ಯದ ಗ್ರೈಂಡಿಂಗ್ ಶಾಪಿಗೆ ಒಯ್ದಾಗ ಅಲ್ಲಿನ ಹಿರಿಯರು ಕೇಳಿದರು, “ಒಂದನ್ನೇ ತಂದಿದ್ದೀಯಲ್ಲಪ್ಪಾ, ಇನ್ನೊಂದೆಲ್ಲಿ?” ನೀಲಿಯಾದದ್ದು ಸುಟ್ಟಿದ್ದರ ಗುರುತು, ಅಲ್ಲಿ ಉಕ್ಕು ಹದ ಕಳೆದುಕೊಂಡಿರುತ್ತದೆ, ಅದನ್ನು ನೀರು ಬಿಡುತ್ತ ಪೂರ್ತಿ ತೆಗೆಯಬೇಕು ಎಂದರು. ಎರಡನೆಯದು ಚೆನ್ನಾಗಿದ್ದರೂ ಅಷ್ಟೇ ಸವೆಸಬೇಕು. ಇಲ್ಲದಿದ್ದರೆ ಒಂದು ಮೊದಲು ಕಚ್ಚಿ ಪಟ್ಟಿಯನ್ನು ಪಕ್ಕಕ್ಕೆ ನೂಕುತ್ತದೆ. ಊರಿಗೆ ವಾಪಸಾಗಿ ಇನ್ನೊಂದನ್ನೂ ತಂದೆ. ನನ್ನ ಅವಸರಕ್ಕೆ ಸರಿಯಿದ್ದ ಅಲಗೂ ತನ್ನ ಆಯುಸ್ಸು ಕೊಟ್ಟಿತು.

ಕಳೆದ ವರ್ಷ ಪಕ್ಕದ ಊರಿನ ಕಟ್ಟಿನಂಗಡಿ ಮುಚ್ಚಿತು. ಅವರ ಮಷೀನೂ ನಮ್ಮದರ ಎರಕವೇ, ತೂತಿನ ಅಂತರ ಅಳೆದು ನೋಡಿದೆ. ಬಿಡಿಭಾಗಕ್ಕೆಂದೇ ಕೊಂಡೆ. ಗಾಡಿಗೆ ಏರಿಸುವ ಮುಂಚೆ ಯಜಮಾನರು, “ತಡಿಯಪ್ಪಾ, ಒಂದ್ಸಲ ತುಳಿತೀನಿ” ಎಂದರು. ಪಟ್ಟಿಯಿಲ್ಲದೆ ತುಳಿದರು. ಪೆಡಲ್ ಸದ್ದಿಲ್ಲದೆ ಮೇಲೆ ಬಂತು.

ಮನೆಗೆ ತಂದು ಅಲಗುಗಳನ್ನು ಬಿಚ್ಚಿ ಎಣ್ಣೆ ಸವರಿದೆ. ಅಪ್ಪ ನೋಡುತ್ತಿದ್ದರು. ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿಟ್ಟೆ.