ಎರಡು ಬೆರಳು ತಗ್ಗಿದ ಕಾರು

ಮಳೆ ಹಿಡಿಯಿತೆಂದರೆ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಎಲ್ಲರೂ ಸೇರುವುದು ಬಚ್ಚಲೊಲೆಯ ಮುಂದೆ. ಜಗಲಿಯಲ್ಲಿ ಸೋಫಾ ಇದೆ, ಟೀವಿ ಇದೆ. ಆದರೂ ಹಂಡೆಯ ಕೆಳಗೆ ಕಾಫಿಗಿಡದ ಬೊಡ್ಡೆ ಉರಿಯುವ ಆ ಜಾಗವೇ ಬೇಕು. ಮೊನ್ನೆ ಆಷಾಢದಲ್ಲಿ ಬೆಂಗಳೂರಿನಿಂದ ನನ್ನ ಅಕ್ಕನ ಮಗನೂ ಬಂದಿದ್ದ. ಅಂಗಳದಲ್ಲಿ ಅವನ ಕಾರು, ಉದ್ದ ಮೂತಿಯ ಜರ್ಮನ್ ಕಾರು, ಮಳೆಗೆ ತೊಯ್ಯುತ್ತ ನಿಂತಿತ್ತು.

"ಮಾವ, ವಾರಂಟಿ ಮುಂದಿನ ತಿಂಗಳು ಮುಗೀತದೆ. ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ ಅಂತ ದಿನಾ ಫೋನು. ಒಂದೂವರೆ ಲಕ್ಷ ಹೇಳ್ತಾರೆ. ತಗೊಳ್ಳಲೋ ಬೇಡ್ವೋ?"

ಚಿಕ್ಕಪ್ಪ ನಗುತ್ತ ಚಿಕ್ಕಮ್ಮನ ಕಡೆ ನೋಡಿದರು. ಚಿಕ್ಕಮ್ಮ ಕೆಂಡದಲ್ಲಿ ಹುಗಿದಿದ್ದ ಹಲಸಿನ ಬೀಜ ಕೆದಕುತ್ತ, "ನಂಗೇನು ಗೊತ್ತು? ಲೆಕ್ಕ ಹಾಕಿದ ಬ್ಯಾಂಕಿನವನು ಅಲ್ಲೇ ಕೂತಿದಾನೆ, ಕೇಳು" ಎಂದು ನನ್ನನ್ನು ತೋರಿಸಿದರು. ಹೀಗೆ 2017ರ ಆ ಹದಿನೈದು ದಿನದ ಕಥೆ ಮತ್ತೆ ಹೊರಗೆ ಬಂತು.

ಅದಕ್ಕೂ ಎರಡು ವರ್ಷ ಹಿಂದೆ, 2015ರಲ್ಲಿ, ಕಾಳುಮೆಣಸು ಕೆಜಿಗೆ 600 ರೂಪಾಯಿ ದಾಟಿತ್ತು. ಸಕಲೇಶಪುರದ ಸುತ್ತಮುತ್ತ ಮೆಣಸಿನ ದುಡ್ಡಿನಲ್ಲಿ ಮನೆಗಳು ಎದ್ದವು, ಮದುವೆಗಳಾದವು, ಕಾರುಗಳು ಬಂದವು. ಚಿಕ್ಕಪ್ಪನ ಶೆಡ್ಡಿನಲ್ಲಿ ಅಲ್ಲಿಯವರೆಗೆ ಇದ್ದದ್ದು ಅಂಬಾಸಿಡರ್. ಅದು ಕೆಟ್ಟರೆ ಪೇಟೆಯಿಂದ ಸಾಬರು ಬರುತ್ತಿದ್ದರು. ಎರಡು ಸ್ಪ್ಯಾನರ್, ಒಂದು ಸುತ್ತಿಗೆ, ಒಂದು ತುಂಡು ತಂತಿ. ಸಂಜೆಯೊಳಗೆ ಗಾಡಿ ಕೆಮ್ಮುತ್ತ ಎದ್ದು ನಿಲ್ಲುತ್ತಿತ್ತು. ವಾರಂಟಿ ಎಂದರೆ ಸಾಬರೇ. ಆದರೆ 2014ರಲ್ಲಿ ಬಂಗಾಳದ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ಮಾಡುವುದನ್ನೇ ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಚಿಕ್ಕಪ್ಪ ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ ಜರ್ಮನ್ ಎಸ್‌ಯುವಿ ಕೊಂಡು ಬಂದರು. ಕಂಪನಿಯ ಹೆಸರು ಇಲ್ಲಿ ಬೇಡ.

ಆ ಗಾಡಿಗೆ ಸ್ಪ್ರಿಂಗೇ ಇರಲಿಲ್ಲ. ಸ್ಪ್ರಿಂಗಿನ ಜಾಗದಲ್ಲಿ ರಬ್ಬರಿನ ಗಾಳಿಚೀಲ. ಕೆಳಗೆಲ್ಲೋ ಕೂತ ಸಣ್ಣ ಕಂಪ್ರೆಸರ್ ಆ ಚೀಲಗಳಿಗೆ ಗಾಳಿ ತುಂಬುತ್ತದೆ. ಗುಂಡಿ ಒತ್ತಿದರೆ ಗಾಡಿ ಮೇಲೇಳುತ್ತದೆ, ಒತ್ತಿದರೆ ಕೂರುತ್ತದೆ. ಆಳುಗಳ ಮಕ್ಕಳು ಶಾಲೆ ಬಿಟ್ಟ ಮೇಲೆ ಶೆಡ್ಡಿನ ಮುಂದೆ ನಿಂತು, "ಗೌಡ್ರೇ, ಒಂದ್ಸಲ ಎಬ್ಬಿಸಿ" ಎಂದು ಕೇಳುತ್ತಿದ್ದರು. ಚಿಕ್ಕಪ್ಪ ಎಬ್ಬಿಸುತ್ತಿದ್ದರು.

2017ರ ಜೂನ್ ಮೂರನೆಯ ವಾರ ಸರ್ವಿಸ್ ಸ್ಟೇಷನ್ನಿನ ಹುಡುಗನ ಫೋನು. ಎರಡು ವರ್ಷದ ವಾರಂಟಿ ಜುಲೈ 4ಕ್ಕೆ ಮುಗಿಯುತ್ತದೆ. ಮುಗಿಯುವುದರೊಳಗೆ ಕಟ್ಟಿದರೆ ಇನ್ನೊಂದು ವರ್ಷಕ್ಕೆ 90,000. ಅಷ್ಟೇ ಅಲ್ಲ: "ಜುಲೈ ಒಂದರಿಂದ ಜಿಎಸ್‌ಟಿ ಸಾರ್. ಈಗ ತೆರಿಗೆ 15 ಪರ್ಸೆಂಟು, ಆಮೇಲೆ 18. ಇವತ್ತೇ ಮಾಡ್ಬಿಡಿ."

ಚಿಕ್ಕಪ್ಪ ಆಗಲೇ ಚೆಕ್‌ಬುಕ್ ಹುಡುಕುತ್ತಿದ್ದರು. ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ಮೂರು ಪರ್ಸೆಂಟು ಅಂದ್ರೆ ಎಷ್ಟೋ?"

"ಎರಡು ಸಾವಿರದ ಏಳುನೂರು," ಅಂದೆ.

"ಎರಡು ಸಾವಿರದ ಏಳುನೂರು ಉಳೀತದೆ ಅಂತ ಲಕ್ಷ ರೂಪಾಯಿ ಬಿಸಾಕೋದಾ? ಇವ್ರೇ, ಚೆಕ್‌ಬುಕ್ ಒಳಗಿಡಿ. ಮೊದಲು ಆ ಕರಾರಿನ ಪುಸ್ತಕ ಕಳ್ಸಕ್ಕೆ ಹೇಳಿ."

ಚಿಕ್ಕಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಕೆಂಪು ಪೆನ್ನು ಹಿಡಿದು ಓದುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಕರಾರಿನ ಪ್ರತಿ ಬಂದಾಗ ಚಿಕ್ಕಪ್ಪ ಮೊದಲ ಹಾಳೆ ಓದಿದರು: ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಎಲೆಕ್ಟ್ರಾನಿಕ್ಸ್, ಎಲ್ಲಾ ಉಂಟು. ಚಿಕ್ಕಮ್ಮ ನೇರವಾಗಿ ಹಿಂದಿನ ಹಾಳೆಗಳಿಗೆ ಹೋದರು. "ಮುಂದೆ ಏನು ಕೊಡ್ತಾರೆ ಅಂತ ಬರ್ದಿರ್ತಾರೆ, ಹಿಂದೆ ಏನು ಕೊಡಲ್ಲ ಅಂತ." ಟೈರು ಇಲ್ಲ, ಬ್ರೇಕ್ ಪ್ಯಾಡು ಇಲ್ಲ, ಬ್ಯಾಟರಿ ಇಲ್ಲ, ವೈಪರ್ ಇಲ್ಲ, ಸವೆಯುವ ರಬ್ಬರ್ ಭಾಗಗಳು ಇಲ್ಲ. ನೀರು ನುಗ್ಗಿ ಆದ ನಷ್ಟ ಇಲ್ಲ. ಇಲಿ ಕಡಿದದ್ದು ಇಲ್ಲ. ಒಂದೇ ಒಂದು ಸರ್ವಿಸ್ ಹೊರಗೆ ಮಾಡಿಸಿದರೂ ಯಾವುದೂ ಇಲ್ಲ.

ಕೆಂಪು ಪೆನ್ನು "ರಬ್ಬರ್" ಎಂಬಲ್ಲಿ ನಿಂತಿತು. "ಈ ಗಾಳಿಚೀಲ ರಬ್ಬರಿಂದೇ ಅಲ್ವಾ?"

ಫೋನು ಮಾಡಿದೆವು. ಹುಡುಗ ಹೇಳಿದ, "ಎಲ್ಲಾ ಕವರ್ ಆಗುತ್ತೆ ಸಾರ್." ಚಿಕ್ಕಮ್ಮ ಫೋನು ಇಸಿದುಕೊಂಡು, "ಅದನ್ನೇ ಒಂದು ಇಮೇಲ್‌ನಲ್ಲಿ ಬರೀ ಮಗ" ಎಂದರು. ಮೂರು ದಿನ ಇಮೇಲ್ ಬರಲಿಲ್ಲ.

ಆ ಮೂರು ದಿನದಲ್ಲಿ ನಾನು ಲೆಕ್ಕ ಹಾಕಿದೆ. ತೆರಿಗೆ ಸೇರಿ 1,03,500 ರೂಪಾಯಿ. ಬಿಡಿಭಾಗಗಳ ಬೆಲೆ ಕೇಳಿದ್ದೆವು: ಒಂದು ಗಾಳಿಚೀಲದ ಕಾಲು ಕೂಲಿ ಸೇರಿ ಒಂದೂವರೆ ಲಕ್ಷದ ಹತ್ತಿರ, ಗೇರ್‌ಬಾಕ್ಸಿನ ಮಿದುಳು ಎನ್ನುವ ಪೆಟ್ಟಿಗೆ ಹೋದರೆ ನಾಲ್ಕು ಲಕ್ಷ. ನಾಲ್ಕು ಲಕ್ಷದ ಪೆಟ್ಟು ಒಂದು ವರ್ಷದಲ್ಲಿ ಬೀಳುವ ಸಂಭವ ನಾಲ್ಕರಲ್ಲಿ ಒಂದಾದರೆ ಕೊಟ್ಟ ದುಡ್ಡಿಗೆ ಹೆಚ್ಚುಕಡಿಮೆ ಸರಿಸಾಟಿ. ಅದಕ್ಕಿಂತ ಕಡಿಮೆಯಾದರೆ ಕಂಪನಿಗೆ ಲಾಭ. ಎಷ್ಟು ಗಾಡಿಗೆ ಏನೇನು ಕೆಡುತ್ತದೆ ಎಂಬ ಲೆಕ್ಕ ಅವರ ವರ್ಕ್‌ಶಾಪುಗಳಲ್ಲಿದೆ. ನಮ್ಮ ಹತ್ತಿರ ಇದ್ದದ್ದು ಒಂದೇ ಗಾಡಿ. ಅಂದಮೇಲೆ ಬೆಲೆ ಕಟ್ಟಿದವರು ನಷ್ಟಕ್ಕೆ ಕಟ್ಟಿರುವುದಿಲ್ಲ.

"ಅಂದ್ರೆ ಬೇಡ ಅಂತೀಯಾ?" ಚಿಕ್ಕಪ್ಪ ಕೇಳಿದರು.

"ಲೆಕ್ಕ ಬೇಡ ಅಂತದೆ."

ಚಿಕ್ಕಪ್ಪನಿಗೆ ಸಮಾಧಾನವಾಗಲಿಲ್ಲ. "ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೀತೀವಲ್ಲ. ಆ ವರ್ಷ ಸೊರಗು ರೋಗ ಬರ್ಲಿಲ್ಲ ಅಂತ ಬೋರ್ಡೋ ದಂಡ ಆಯ್ತು ಅಂತೀವಾ?"

ನನಗೆ ಸರಿಯೆನಿಸಿತು. ಚಿಕ್ಕಮ್ಮನಿಗೆ ಎನಿಸಲಿಲ್ಲ. "ಬೋರ್ಡೋ ಹೊಡೆದ್ರೆ ರೋಗ ತಡೀತದೆ. ಈ ಕಾಗದ ಏನು ತಡೀತದೆ? ಗಾಡಿ ಕೆಡೋದು ಕೆಡ್ತದೆ. ಬಿಲ್ಲು ಯಾರು ಕೊಡ್ತಾರೆ ಅನ್ನೋದಷ್ಟೇ ಇದು. ಬೋರ್ಡೋ ಹೊಡೀಬೇಕು ಅಂದ್ರೆ ಸಾಬ್ರನ್ನ ಕರ್ಸಿ."

ಸಾಬರಿಗೆ ಆಗ ಎಪ್ಪತ್ತರ ಹತ್ತಿರ. ಜರ್ಮನ್ ಗಾಡಿಯ ಬಾನೆಟ್ಟಿಗೆ ಅವರು ಕೈ ಹಾಕಲಿಲ್ಲ. "ಇದರಲ್ಲಿ ನಂದೇನೂ ಇಲ್ಲ ಗೌಡ್ರೇ, ಎಲ್ಲಾ ಕಂಪ್ಯೂಟರು" ಅಂದರು. ಕಾಫಿ ಕುಡಿದರು. ಎದ್ದು ಗಾಡಿಗೆ ಒಂದು ಸುತ್ತು ಹಾಕಿ, ಎಡಗಡೆ ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತರು. ಟೈರಿನ ನೆತ್ತಿಗೂ ಮೇಲಿನ ಕಮಾನಿಗೂ ನಡುವೆ ಕೈಬೆರಳು ಜೋಡಿಸಿ ಇಟ್ಟರು. ಆಮೇಲೆ ಬಲಗಡೆ ಹೋಗಿ ಹಾಗೇ ಇಟ್ಟರು.

"ಗಾಡಿ ಯಾವಾಗಿಂದ ನಿಂತಿದೆ?"

"ನಿನ್ನೆ ಸಂಜೆಯಿಂದ."

"ಎಡಕ್ಕೆ ಎರಡು ಬೆರಳು ತಗ್ಗಿದೆ ನೋಡಿ."

ಯಾರಿಗೂ ಕಂಡಿರಲಿಲ್ಲ. ಸ್ಟಾರ್ಟ್ ಮಾಡಿದ ತಕ್ಷಣ ಕಂಪ್ರೆಸರ್ ಗಾಳಿ ತುಂಬಿ ಸಮ ಮಾಡಿಬಿಡುತ್ತಿತ್ತು. ರಾತ್ರಿಯಿಡೀ ಕೂರುತ್ತಿದ್ದದ್ದು ಶೆಡ್ಡಿನ ಕತ್ತಲಿಗೆ ಮಾತ್ರ ಗೊತ್ತು. ಸಾಬರು ಸೋಪಿನ ನೀರು ಕೇಳಿದರು. ಚಿಕ್ಕಮ್ಮ ಬಟ್ಟೆ ಸೋಪು ಕಲಸಿದ ಚೊಂಬು ತಂದುಕೊಟ್ಟರು. ಗಾಡಿ ಎಬ್ಬಿಸಿ, ಸಾಬರು ನೆಲಕ್ಕೆ ಗೋಣಿ ಹಾಸಿ ಮಲಗಿ, ಒಂದು ಬಟ್ಟೆ ಚೂರಿನಿಂದ ಗಾಳಿಚೀಲದ ಮಡಿಕೆಗಳಿಗೆ ನೊರೆ ಹಚ್ಚಿದರು. ಟಾರ್ಚ್ ಹಿಡಿದು ನಾನೂ ಪಕ್ಕದಲ್ಲಿ ಮಲಗಿದೆ. ಕೆಸರು ಕಟ್ಟಿದ್ದ ಒಂದು ಮಡಿಕೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಹುಟ್ಟಿತು, ಮೆಣಸಿನ ಕಾಳಿನಷ್ಟಾಯಿತು, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಹುಟ್ಟಿತು.

"ಸೈಕಲ್ ಪಂಕ್ಚರ್ರೇ," ಅಂದರು ಸಾಬರು. "ಹೀಗೇ ಬಿಟ್ರೆ ಪಂಪು ಓಡಿ ಓಡಿ ಸುಟ್ಟುಹೋಗ್ತದೆ. ಕಂಪನಿ ವಾರಂಟಿ ಇನ್ನೂ ಇದೆಯಾ?"

ಅಷ್ಟು ದಿನ ನಾವು ಬರಲಿರುವ ವಾರಂಟಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದೆವು. ಕೈಯಲ್ಲಿದ್ದ ವಾರಂಟಿಗೆ ಇನ್ನೂ ಹನ್ನೊಂದು ದಿನ ಬಾಕಿ ಇತ್ತು. ಅದು ಯಾರ ತಲೆಗೂ ಹೊಳೆದಿರಲಿಲ್ಲ.

ಮರುದಿನ ಬೆಳಗ್ಗೆ ಚಿಕ್ಕಮ್ಮ ಟೈರಿನ ಪಕ್ಕ ಅಡಿಕೋಲು ನಿಲ್ಲಿಸಿ ಫೋಟೋ ತೆಗೆದರು. ಶಿರಾಡಿ ಘಾಟಿ ಇಳಿದು, ಗುಂಡ್ಯ, ಉಪ್ಪಿನಂಗಡಿ ದಾಟಿ, ಮಳೆಯಲ್ಲೇ ಮಂಗಳೂರು ಮುಟ್ಟಿದೆವು. ಅಲ್ಲಿನ ಅಡ್ವೈಸರ್ ಕಂಪ್ಯೂಟರ್ ಜೋಡಿಸಿ ನೋಡಿ, "ಯಾವ ಎರರ್ರೂ ಇಲ್ಲ, ಇದು ನಾರ್ಮಲ್ ಮೇಡಂ" ಎಂದರು. ಚಿಕ್ಕಮ್ಮ ಫೋಟೋ ತೋರಿಸಿದರು. "ಗಾಡಿ ಇವತ್ತು ರಾತ್ರಿ ಇಲ್ಲೇ ನಿಲ್ಲಲಿ. ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ನೀವೇ ಅಳೀರಿ. ಗಾಡಿ ಬಿಟ್ಟು ಹೋದ ತಾರೀಖು, ದೂರು ಎರಡನ್ನೂ ಜಾಬ್ ಕಾರ್ಡಿನಲ್ಲಿ ಬರೀರಿ." ಬರೆಸಿಕೊಂಡು, ಓದಿ, ಆಮೇಲೆ ಸಹಿ ಹಾಕಿದರು.

ಬೆಳಗ್ಗೆ ಅಳೆದವರು ಮರುಮಾತಾಡಲಿಲ್ಲ. ಹಿಂದಿನ ಎರಡೂ ಗಾಳಿಚೀಲ ವಾರಂಟಿಯಲ್ಲೇ ಬದಲಾದವು. ನಾವು ಕೊಟ್ಟದ್ದು ಸಾಬರಿಗೆ ಐನೂರು ರೂಪಾಯಿ. ಅದನ್ನೂ ಅವರು ಇಸಿದುಕೊಂಡದ್ದು ಬಲವಂತಕ್ಕೆ.

"ಹಂಗಾದ್ರೆ ಎಕ್ಸ್‌ಟೆಂಡೆಡ್ ತಗೊಳ್ಳಲೇ ಇಲ್ವಾ?" ಅಕ್ಕನ ಮಗ ಕೇಳಿದ.

ತಗೊಂಡೆವು. ಇಲ್ಲೇ ಎಲ್ಲರೂ ನಗುವುದು. ಗಾಡಿ ಇಸಿದುಕೊಳ್ಳುವ ದಿನ ಚಿಕ್ಕಪ್ಪ ಮೆಲ್ಲಗೆ ಹೇಳಿದರು: ಮೆಣಸಿನ ರೇಟು ಇಳೀತಿದೆ, ಬ್ಯಾಂಕಿನ ಸಾಲ ಇನ್ನೂ ಇದೆ, ಲಕ್ಷ ಹೋದರೆ ತಡಕೊಳ್ತೀನಿ, ಈ ವರ್ಷ ನಾಲ್ಕು ಲಕ್ಷದ ಬಿಲ್ಲು ಬಂದರೆ ತೋಟದ ಗೊಬ್ಬರಕ್ಕೆ ಕೈ ಹಾಕಬೇಕಾಗ್ತದೆ. ನನ್ನ ನಾಲ್ಕರಲ್ಲಿ ಒಂದು ಎಂಬ ಲೆಕ್ಕದಲ್ಲಿ ಗೊಬ್ಬರ ಇರಲೇ ಇಲ್ಲ. ಚಿಕ್ಕಮ್ಮನೂ ಎದುರಾಡಲಿಲ್ಲ, ಆದರೆ ಗಾಳಿಚೀಲ ಸೇರಿದೆ ಎಂಬ ಇಮೇಲ್ ಬರುವವರೆಗೆ ಕೌಂಟರಿನ ಮುಂದೆ ಕೂತೇ ಇದ್ದರು. ಕಾಗದ ಕಂಪನಿಯದ್ದೋ ಅಥವಾ ಡೀಲರು ಮಾರುವ ಬೇರೆಯವರದ್ದೋ, ಗಾಡಿ ಮಾರಿದರೆ ಕೊಂಡವರ ಹೆಸರಿಗೆ ವರ್ಗವಾಗುತ್ತದೋ ಎಂದೂ ಕೇಳಿ ಬರೆಸಿಕೊಂಡರು.

ಆ ವರ್ಷ ಗಾಡಿಗೆ ಏನೂ ಆಗಲಿಲ್ಲ. ತಪ್ಪಿದೆ, ಒಂದಾಯಿತು: ಕೊಯ್ಲಿನ ಸಮಯದಲ್ಲಿ ಶೆಡ್ಡಿನಲ್ಲಿ ಇಲಿ ಸೇರಿ ವೈರು ಕಡಿಯಿತು. ವಾರಂಟಿಯಲ್ಲಿ ಇಲಿ ಇಲ್ಲ. ಇನ್ಶೂರೆನ್ಸಿನವರು ಒಂದಷ್ಟು ಕೊಟ್ಟರು, ಮಿಕ್ಕಿದ್ದು ಕೈಯಿಂದ. ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಗೊತ್ತುಮಾಡಿದರೂ ನಮ್ಮ ಮೆಣಸಿನ ರೇಟು ಏಳಲಿಲ್ಲ. ಆ ಹೊತ್ತಿಗೆ ನಾಲ್ಕು ಲಕ್ಷದ ಬಿಲ್ಲು ಬಂದಿದ್ದರೆ ಎಂದು ಚಿಕ್ಕಪ್ಪ ಈಗಲೂ ಹೇಳುತ್ತಾರೆ. ಬರಲಿಲ್ಲವಲ್ಲ ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾರೆ.

ಮರುವರ್ಷದ ಹೊತ್ತಿಗೆ ಸಾಲ ತೀರಿತ್ತು. ಆಗ ವಾರಂಟಿ ಮುಂದುವರಿಸಲಿಲ್ಲ. ಅಷ್ಟೇ ದುಡ್ಡನ್ನು ಬೇರೆ ಖಾತೆಗೆ ಹಾಕಿದರು. 2019ರಲ್ಲಿ ವಾಟರ್ ಪಂಪ್ ಸೋರಿದಾಗ ಅದರಿಂದಲೇ ಕೊಟ್ಟರು. ಗಾಡಿ ಮಾರುವಾಗ ಖಾತೆಯಲ್ಲಿ ಉಳಿದಿದ್ದ ಹಣದಲ್ಲಿ ಈ ಬಚ್ಚಲಿಗೆ ಹೊಸ ಹಂಡೆ ಬಂತು.

"ನಂಗೀಗ ಸಾಲ ಇದೆ ಮಾವ," ಅಂದ ಅಕ್ಕನ ಮಗ.

"ಹಂಗಾದ್ರೆ ಒಂದು ವರ್ಷಕ್ಕೆ ತಗೋ," ಅಂದರು ಚಿಕ್ಕಪ್ಪ.

"ಮೊದಲು ಹಿಂದಿನ ಹಾಳೆ ಓದು," ಅಂದರು ಚಿಕ್ಕಮ್ಮ. "ಬೆಂಗಳೂರಲ್ಲಿ 2022ರಲ್ಲಿ ಮಳೆನೀರು ತುಂಬಿ ದೊಡ್ಡ ದೊಡ್ಡ ಗಾಡಿಗಳೆಲ್ಲ ಮುಳುಗಿದ್ವಲ್ಲ, ಅದು ವಾರಂಟಿಗೆ ಬರಲ್ಲ. ಅದಕ್ಕೆ ಇನ್ಶೂರೆನ್ಸಲ್ಲಿ ಎಂಜಿನ್ನಿಗೆ ಬೇರೆ ಕಟ್ಟಬೇಕು. ಕಟ್ಟಿದೀಯಾ?"

ಅವನು ಸುಮ್ಮನಾದ. ಹಲಸಿನ ಬೀಜ ಒಂದು ಕೆಂಡದಲ್ಲಿ ಚಟ್ ಎಂದು ಸಿಡಿಯಿತು.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಮಳೆ ಹೊಳವಾಗಿತ್ತು. ಕಿಟಕಿಯಿಂದ ನೋಡಿದರೆ ಅಕ್ಕನ ಮಗ ಅಂಗಳದಲ್ಲಿ, ಪ್ಯಾಂಟು ಮಡಿಚಿ, ಕಾರಿನ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಟೈರಿಗೂ ಕಮಾನಿಗೂ ನಡುವೆ ನಾಲ್ಕು ಬೆರಳು ಇಟ್ಟಿದ್ದ. ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತು, "ಆ ಕಡೇದೂ ನೋಡೋ" ಎಂದು ಕೂಗುತ್ತಿದ್ದರು.