ಇಂದಿರಾ ಮದಲ ಕಲತಳು

ಅಕ್ಕಾರ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಬಂದಿದ್ದು 1899ರಾಗ. ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡ ಹುಡುಗಿ ಇಂದಿರಾ. ತವರಿನವರು ಸಂತಮಂಡಳಿ ಸೇವಾಕ್ಕ ಹಚ್ಚಾಕ ನೋಡತಾರ. ಆಕಿ ಒಪ್ಪೂದಿಲ್ಲ, ಮನಿ ಬಿಟ್ಟು ಅಮೃತರಾಯರ ಆಸರಾ ಹಿಡೀತಾಳ.

ನನಗ ಹಿಡಿಸಿದ್ದು ಮುಂದಿಂದು. ಆಸರಾ ಕೊಟ್ಟವರು ಯಾವನರೆ ಒಬ್ಬಗ ಲಗೂನ ಗಂಟಹಾಕಿ ಕೈ ತೊಳಕೊಳ್ಳಲಿಲ್ಲ. ಆಕಿ ಸಾಲಿ ಕಲತಳು. ಆಮ್ಯಾಲ ಕಲತ ಭಾಸ್ಕರನ್ನ ಮನಸಾರೆ ಒಪ್ಪಿ ಮದವಿ ಆದಳು. ಗಂಡ ಸತ್ತಾಕಿ ಮತ್ತ ಲಗ್ನಾ, ಅದೂ ಆ ಕಾಲದಾಗ!

ನಮ್ಮ ಬೈಲಹೊಂಗಲದಾಗ ಈಗೂ "ಚಲೋ ವರ ಬಂದೈತಿ, ಓದು ಆಮ್ಯಾಲ" ಅಂತಾರ. ಆಮ್ಯಾಲ ಅಂದ್ರ ಯಾವಾಗರೀ? ನಮ್ಮಕ್ಕನ ಮಗಳ ಬಿ.ಎಡ್. ಮುಗ್ಯಾಕ ಇನ್ನೂ ಒಂದ ವರ್ಷ ಐತಿ. ಹುಡುಗ ಒಳ್ಳೆಯವನ, ಆಕಿಗೂ ಮನಸೈತಿ. ಅವರ ಮನ್ಯಾಗಷ್ಟ ಅವಸರ. ರವಿವಾರ ಮಾತಿಗೆ ಬರತಾರ. ವರ್ಷ ತಡೀರಿ ಅಂತ ನಾನ ಹೇಳಾಕಿ.